ಹೃದಯಕ್ಕೆ ಚಿಕಿತ್ಸೆ, ಮೂತ್ರಪಿಂಡಕ್ಕೆ ಆಪತ್ತು

‘ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ’ ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ವಿರಳ. ರೋಗ ಒಬ್ಬರದು, ನೋವು ಮತ್ತೊಬ್ಬರದು ಎಂಬ ವಿಪರೀತವನ್ನು ಅದು ಹಾಸ್ಯವಾಗಿ ಹೇಳುತ್ತದೆ. ನಮ್ಮ ಶರೀರದೊಳಗಾದರೋ ಇಂಥ ವಿಪರೀತ ನಿಜವಾಗಿಯೇ ನಡೆಯುವುದುಂಟು. ಕೆಟ್ಟುಹೋದ ಹೃದಯಕವಾಟವೊಂದನ್ನು ಶಸ್ತ್ರವೈದ್ಯರು ತೆಗೆದು, ಆ ಜಾಗದಲ್ಲಿ ಹೊಸದೊಂದನ್ನು ಕೂರಿಸುತ್ತಾರೆ. ಹೊಸ ಕವಾಟ ಚೊಕ್ಕವಾಗಿ ತೆರೆದು ಮುಚ್ಚುತ್ತದೆ. ಹೃದಯದ ಬಡಿತ ಸರಿಯಾಗಿದೆ. ಮನೆಯವರು ನಿಟ್ಟುಸಿರು ಬಿಡುತ್ತಾರೆ. ಎರಡನೆಯ ದಿನವೋ ಮೂರನೆಯ ದಿನವೋ ರೋಗಿಯ ಮೂತ್ರ ಕಡಿಮೆಯಾಗುತ್ತದೆ, ಮುಖ ಊದಿಕೊಳ್ಳುತ್ತದೆ, ರಕ್ತದಲ್ಲಿ ಕಲ್ಮಷಗಳು ಏರತೊಡಗುತ್ತವೆ. ಕತ್ತಿ ತಾಕಿದ್ದು ಎದೆಗೆ. ಪೆಟ್ಟು ಬಿದ್ದದ್ದು ಬೆನ್ನಿನ ಕೆಳಭಾಗದಲ್ಲಿ ಅಡಗಿರುವ ಮೂತ್ರಪಿಂಡಗಳಿಗೆ.

ಇದು ಅಪರೂಪದ ಸಂಗತಿಯಲ್ಲ. ಹೃದಯದ ದೊಡ್ಡ ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ಸುಮಾರು ನೂರಕ್ಕೆ ಇಪ್ಪತ್ತರಿಂದ ಮೂವತ್ತು ಮಂದಿಗೆ ಹೆಚ್ಚೋ ಕಡಿಮೆಯೋ ಮೂತ್ರಪಿಂಡದ ಹಾನಿ ಉಂಟಾಗುತ್ತದೆ. ಬಹುಪಾಲು ಜನರಲ್ಲಿ ಅದು ಕೆಲವೇ ದಿನಗಳಲ್ಲಿ ತಗ್ಗುತ್ತದೆ. ಯಂತ್ರದಿಂದ ರಕ್ತವನ್ನು ಶೋಧಿಸಬೇಕಾಗುವಷ್ಟು, ಎಂದರೆ ಡಯಾಲಿಸಿಸ್ ಮಾಡಬೇಕಾಗುವಷ್ಟು ಹಾನಿ ನೂರರಲ್ಲಿ ಕೆಲವರಿಗೆ ಮಾತ್ರ. ಆದರೆ ಆ ಕೆಲವರ ಪಾಡು ಕಠಿಣವಾದದ್ದು. ಅಮೆರಿಕದ ನಿವೃತ್ತ ಸೈನಿಕರ ಆಸ್ಪತ್ರೆಗಳಲ್ಲಿ ಹೃದಯದ ಶಸ್ತ್ರಚಿಕಿತ್ಸೆ ಪಡೆದ 42,773 ರೋಗಿಗಳ ವಿವರವನ್ನು 1998ರಲ್ಲಿ ಪ್ರಕಟಿಸಿದರು. ಅವರಲ್ಲಿ ಡಯಾಲಿಸಿಸ್ ಬೇಕಾದವರು ನೂರಕ್ಕೆ 1.1 ಮಂದಿ. ಹೀಗೆ ಬೇಕಾದವರಲ್ಲಿ ನೂರಕ್ಕೆ 63.7 ಮಂದಿ ತೀರಿಕೊಂಡರು. ಬೇಕಾಗದವರಲ್ಲಿ ತೀರಿಕೊಂಡವರು ನೂರಕ್ಕೆ 4.3 ಮಂದಿ ಮಾತ್ರ. ಅಂದಿನಿಂದ ಚಿಕಿತ್ಸೆ ಸುಧಾರಿಸಿದೆ. ಆದರೂ ಈ ಎರಡು ಅಂಕಿಗಳ ನಡುವಣ ಅಂತರ ಚಿಂತಿಸತಕ್ಕದ್ದು. ಹೃದಯದ ಚಿಕಿತ್ಸೆ ಮೂತ್ರಪಿಂಡಕ್ಕೇಕೆ ಮುಳುವಾಗಬೇಕು? ಯಾರಿಗೆ ಈ ಅಪಾಯ ಹೆಚ್ಚು? ಅದನ್ನು ತಡೆಯುವ ಬಗೆ ಹೇಗೆ?

ಹೃದಯದ ನಾಲ್ಕು ಬಾಗಿಲುಗಳು

ಹೃದಯದಲ್ಲಿ ನಾಲ್ಕು ಕೋಣೆಗಳಿವೆ, ನಾಲ್ಕು ಕವಾಟಗಳಿವೆ. ರಕ್ತ ಮುಂದಕ್ಕೆ ಹೋಗಲು ದಾರಿ ಕೊಟ್ಟು, ಹಿಂದಕ್ಕೆ ಬಾರದಂತೆ ತಡೆಯುವುದೇ ಕವಾಟಗಳ ಕೆಲಸ. ದಿನವೊಂದಕ್ಕೆ ಸುಮಾರು ಒಂದು ಲಕ್ಷ ಸಲ ತೆರೆದು ಮುಚ್ಚುವ ಈ ಬಾಗಿಲುಗಳು ಎರಡು ರೀತಿಯಲ್ಲಿ ಕೆಡಬಹುದು. ಬಾಗಿಲು ಸರಿಯಾಗಿ ತೆರೆಯದೆ ದಾರಿ ಇಕ್ಕಟ್ಟಾಗಬಹುದು. ಇಲ್ಲವೆ ಸರಿಯಾಗಿ ಮುಚ್ಚದೆ ರಕ್ತ ಹಿಂದಕ್ಕೆ ಸೋರಬಹುದು. ಮುಪ್ಪಿನಲ್ಲಿ ಮಹಾಧಮನಿಯ ಕವಾಟಕ್ಕೆ ಸುಣ್ಣದ ಅಂಶ ಕಟ್ಟಿಕೊಂಡು ಅದು ಬಿರುಸಾಗುವುದುಂಟು. ನಮ್ಮ ದೇಶದಲ್ಲಾದರೋ ಬಾಲ್ಯದ ಗಂಟಲುನೋವಿನಿಂದ ಹುಟ್ಟುವ ರುಮ್ಯಾಟಿಕ್ ಜ್ವರ ಎಡಭಾಗದ ದ್ವಿದಳ ಕವಾಟವನ್ನು ಕೆಡಿಸುವುದು ಬಹುಕಾಲದಿಂದ ನಡೆದುಬಂದಿದೆ. ಆದುದರಿಂದಲೇ ನಮ್ಮಲ್ಲಿ ಕವಾಟದ ರೋಗಿಗಳಾಗಿ ಬರುವವರಲ್ಲಿ ಇಪ್ಪತ್ತು ಮೂವತ್ತು ವರ್ಷದ ತರುಣ ತರುಣಿಯರೂ ಇರುತ್ತಾರೆ.

ಕವಾಟದ ದುರಸ್ತಿಯ ಕಥೆ ಒಂದು ಶತಮಾನದ್ದು. 1925ರಲ್ಲಿ ಲಂಡನ್ನಿನ ಹೆನ್ರಿ ಸೌಟರ್ ಬಡಿಯುತ್ತಿರುವ ಹೃದಯದೊಳಕ್ಕೆ ಬೆರಳನ್ನು ತೂರಿಸಿ ಇಕ್ಕಟ್ಟಾದ ಕವಾಟವನ್ನು ಅಗಲಿಸಿದರು. ಕಣ್ಣಿಗೆ ಕಾಣುವಂತೆ ಹೃದಯವನ್ನು ತೆರೆದು ಕೆಲಸ ಮಾಡಬೇಕಾದರೆ ಅದನ್ನು ನಿಲ್ಲಿಸಬೇಕು. ನಿಂತ ಹೃದಯದ ಕೆಲಸವನ್ನು ಬೇರೊಂದು ವಹಿಸಿಕೊಳ್ಳಬೇಕು. 1953ರಲ್ಲಿ ಫಿಲಡೆಲ್ಫಿಯದ ಜಾನ್ ಗಿಬ್ಬನ್ ಹೃದಯ-ಶ್ವಾಸಕೋಶ ಯಂತ್ರವನ್ನು ಬಳಸಿ ಮಾಡಿದ ಶಸ್ತ್ರಚಿಕಿತ್ಸೆ ಫಲಿಸಿತು. 1960ರಲ್ಲಿ ಅಮೆರಿಕದ ಶಸ್ತ್ರವೈದ್ಯ ಆಲ್ಬರ್ಟ್ ಸ್ಟಾರ್ ಮತ್ತು ಎಂಜಿನಿಯರ್ ಲೋವೆಲ್ ಎಡ್ವರ್ಡ್ಸ್ ಇವರು ಪಂಜರದೊಳಗೆ ಗುಂಡು ಆಡುವಂಥ ಕೃತಕ ಕವಾಟವನ್ನು ಮನುಷ್ಯರಲ್ಲಿ ಅಳವಡಿಸಿದರು. ನಮ್ಮ ದೇಶದಲ್ಲಿ ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಎಂ. ಎಸ್. ವಲಿಯತ್ತಾನರ ನೇತೃತ್ವದಲ್ಲಿ ಸಿದ್ಧವಾದ ‘ಚಿತ್ರಾ’ ಕವಾಟವನ್ನು 1990ರ ಡಿಸೆಂಬರಿನಲ್ಲಿ ಮೊದಲು ರೋಗಿಗೆ ಜೋಡಿಸಲಾಯಿತು. ಈ ವಲಿಯತ್ತಾನರೇ ಮುಂದೆ ನಮ್ಮ ಮಣಿಪಾಲದ ವಿಶ್ವವಿದ್ಯಾನಿಲಯಕ್ಕೆ ಕುಲಪತಿಗಳಾಗಿ ಬಂದರು.

ಕಾಲುವೆಯ ಕೊನೆಯ ಗದ್ದೆ

ಈಗ ಮೂತ್ರಪಿಂಡಗಳ ಕಡೆಗೆ ತಿರುಗೋಣ. ಎರಡೂ ಸೇರಿದರೆ ಸುಮಾರು 300 ಗ್ರಾಂ ತೂಗುವ ಇವು ಶರೀರದ ಭಾರದಲ್ಲಿ ಇನ್ನೂರರಲ್ಲಿ ಒಂದು ಪಾಲು. ಆದರೆ ಹೃದಯ ನಿಮಿಷಕ್ಕೆ ದೂಡುವ ಐದು ಲೀಟರ್ ರಕ್ತದಲ್ಲಿ ಒಂದು ಲೀಟರಿಗೂ ಹೆಚ್ಚು ಇವುಗಳ ಪಾಲಿಗೆ ಬರುತ್ತದೆ. ಒಂದೊಂದು ಪಿಂಡದಲ್ಲೂ ಸರಾಸರಿ ಹತ್ತು ಲಕ್ಷ ಸೂಕ್ಷ್ಮ ಶೋಧಕಗಳಿವೆ. ಇವಕ್ಕೆ ನೆಫ್ರಾನ್‌ಗಳೆಂದು ಹೆಸರು. ದಿನಕ್ಕೆ ಸುಮಾರು 180 ಲೀಟರ್ ದ್ರವ ಇವುಗಳಲ್ಲಿ ಸೋಸಿ ಇಳಿಯುತ್ತದೆ. ಅದರಲ್ಲಿ ಬಹುಪಾಲನ್ನು ಸೂಕ್ಷ್ಮನಾಳಗಳು ಮತ್ತೆ ಹೀರಿ ರಕ್ತಕ್ಕೆ ಒಪ್ಪಿಸುತ್ತವೆ. ಒಂದೂವರೆ ಲೀಟರಿನಷ್ಟು ಮಾತ್ರ ಮೂತ್ರವಾಗಿ ಹೊರಬೀಳುತ್ತದೆ.

ಇಷ್ಟು ಸಮೃದ್ಧವಾಗಿ ರಕ್ತ ದೊರೆಯುವ ಅಂಗಕ್ಕೆ ಕೊರತೆಯೆಲ್ಲಿಯದು ಎಂದು ವಾಚಕರು ಕೇಳಬಹುದು. ಉತ್ತರ ಹಂಚಿಕೆಯಲ್ಲಿದೆ. ಬಂದ ರಕ್ತದ ಬಹುಭಾಗ ಪಿಂಡದ ಹೊರಪದರಕ್ಕೆ ಸಲ್ಲುತ್ತದೆ. ಒಳಪದರಕ್ಕೆ ಹೋಗುವುದು ಸ್ವಲ್ಪ; ಅದೂ ನಿಧಾನವಾಗಿ. ಮೂತ್ರವನ್ನು ಗಾಢಗೊಳಿಸಲು ಒಳಪದರದಲ್ಲಿ ಉಪ್ಪು ದಟ್ಟವಾಗಿ ನಿಲ್ಲಬೇಕು. ರಕ್ತ ರಭಸವಾಗಿ ಹರಿದರೆ ಆ ಉಪ್ಪು ಕೊಚ್ಚಿಹೋಗುತ್ತದೆ. ಆದುದರಿಂದ ಪ್ರಕೃತಿ ಅಲ್ಲಿ ಹರಿವನ್ನೇ ಕಿರಿದುಗೊಳಿಸಿದೆ. ವಿಚಿತ್ರವೆಂದರೆ ಉಪ್ಪನ್ನು ಎತ್ತಿ ಹಾಕುವ ಶ್ರಮದ ಕೆಲಸ ನಡೆಯುವುದು ಅಲ್ಲಿಯೇ. ಆ ಶ್ರಮಕ್ಕೆ ಆಮ್ಲಜನಕ ಬೇಕೇ ಬೇಕು. ಹೊರಪದರದಲ್ಲಿ ಆಮ್ಲಜನಕದ ಒತ್ತಡ ಪಾದರಸದ ಸುಮಾರು 50 ಮಿಲಿಮೀಟರ್ ಇದ್ದರೆ ಒಳಪದರದಲ್ಲಿ 10ರಿಂದ 20 ಮಿಲಿಮೀಟರ್ ಮಾತ್ರ. ಕೆರೆ ತುಂಬಿದ್ದಾಗಲೂ ಕಾಲುವೆಯ ಕೊನೆಯ ಗದ್ದೆಗೆ ನೀರು ಅಷ್ಟಕ್ಕಷ್ಟೆ. ತೂಬನ್ನು ಸ್ವಲ್ಪ ತಗ್ಗಿಸಿದರೂ ಮೊದಲು ಒಣಗುವುದು ಆ ಗದ್ದೆಯೇ. ಶಸ್ತ್ರಚಿಕಿತ್ಸೆಯ ಕಾಲದಲ್ಲಿ ರಕ್ತದ ಒತ್ತಡ ತಗ್ಗಿದರೆ ಮೂತ್ರಪಿಂಡದ ಒಳಪದರದ ಗತಿಯೂ ಇದೇ.

ಯಂತ್ರದ ಹೃದಯ ತರುವ ತೊಡಕುಗಳು

ಎದೆಯನ್ನು ತೆರೆದು ಕವಾಟವನ್ನು ಬದಲಿಸುವಾಗ ಒಂದೆರಡು ಗಂಟೆಗಳವರೆಗಾದರೂ ರಕ್ತವೆಲ್ಲ ಹೃದಯ-ಶ್ವಾಸಕೋಶ ಯಂತ್ರದ ಮೂಲಕ ಹರಿಯುತ್ತದೆ. ಈ ಯಂತ್ರ ಜೀವವುಳಿಸುವ ಉಪಕರಣವೆಂಬುದರಲ್ಲಿ ಸಂದೇಹವಿಲ್ಲ. ಆದರೂ ಅದು ಹೃದಯಕ್ಕೆ ಸರಿಸಮಾನವಲ್ಲ. ಹೃದಯ ರಕ್ತವನ್ನು ಮಿಡಿದು ಮಿಡಿದು ಕಳುಹಿಸುತ್ತದೆ; ಯಂತ್ರ ಸಾಮಾನ್ಯವಾಗಿ ಒಂದೇ ಸಮನೆ ಹರಿಸುತ್ತದೆ. ಯಂತ್ರದ ಕೊಳವೆಗಳನ್ನು ಮೊದಲು ದ್ರವದಿಂದ ತುಂಬಬೇಕಾದುದರಿಂದ ರಕ್ತ ತೆಳುವಾಗುತ್ತದೆ. ತೆಳುವಾದ ರಕ್ತದಲ್ಲಿ ಕೆಂಪುಕಣಗಳು ವಿರಳ. ಕಣಗಳು ವಿರಳವಾದಷ್ಟೂ ಅದು ಹೊರುವ ಆಮ್ಲಜನಕ ಕಡಿಮೆ. ಯಂತ್ರವನ್ನು ನಡೆಸುವವರು ರಕ್ತದ ಹರಿವನ್ನು ಮಾತ್ರವಲ್ಲದೆ, ಆ ರಕ್ತ ನಿಮಿಷಕ್ಕೆ ಎಷ್ಟು ಆಮ್ಲಜನಕವನ್ನು ಒಯ್ಯುತ್ತಿದೆ ಎಂಬುದನ್ನೂ ಲೆಕ್ಕ ಹಾಕುವುದು ಈ ಕಾರಣದಿಂದಲೇ. ಶರೀರದ ಮೇಲ್ಮೈಯ ಪ್ರತಿ ಚದರ ಮೀಟರಿಗೆ ಅದು ಸುಮಾರು 270 ಮಿಲಿಲೀಟರಿಗಿಂತ ಕೆಳಗಿಳಿದರೆ ಮೂತ್ರಪಿಂಡದ ಹಾನಿ ಹೆಚ್ಚುವುದೆಂದು ಕಂಡುಬಂದಿದೆ.

ಇನ್ನೂ ಒಂದು ತೊಡಕಿದೆ. ಪಂಪು, ಕೊಳವೆ, ಹೀರುಗೊಳವೆಗಳ ನೂಕಾಟದಲ್ಲಿ ಕೆಲವು ಕೆಂಪುಕಣಗಳು ಒಡೆದು, ಅವುಗಳೊಳಗಿನ ಹೀಮೋಗ್ಲೋಬಿನ್ ರಕ್ತದ ದ್ರವಕ್ಕೆ ಚೆಲ್ಲುತ್ತದೆ. ಕಣದೊಳಗೆ ಇರುವಷ್ಟು ಕಾಲ ಹೀಮೋಗ್ಲೋಬಿನ್ ನಮ್ಮ ಪ್ರಾಣಮಿತ್ರ. ಹೊರಬಿದ್ದಾಗ ಅದೇ ಹಗೆ. ಅದನ್ನು ಹಿಡಿದು ಸಾಗಿಸಲು ಹ್ಯಾಪ್ಟೋಗ್ಲೋಬಿನ್ ಎಂಬ ಪ್ರೋಟೀನು ರಕ್ತದಲ್ಲಿದೆ. ಆದರೆ ಆ ದಾಸ್ತಾನು ಮಿತವಾದದ್ದು. ಅದು ಮುಗಿದೊಡನೆ ಉಳಿದ ಹೀಮೋಗ್ಲೋಬಿನ್ ಮೂತ್ರಪಿಂಡದ ಸೂಕ್ಷ್ಮನಾಳಗಳಿಗೆ ಇಳಿದು ಅವುಗಳ ಜೀವಕೋಶಗಳನ್ನು ಕೆಡಿಸುತ್ತದೆ. ಅಷ್ಟೇ ಅಲ್ಲ: ರಕ್ತನಾಳಗಳನ್ನು ಸಡಿಲವಾಗಿಡುವ ನೈಟ್ರಿಕ್ ಆಕ್ಸೈಡನ್ನು ಅದು ಕಬಳಿಸುತ್ತದೆ, ಇದರಿಂದ ನಾಳಗಳು ಬಿಗಿದುಕೊಂಡು ಹರಿವು ಇನ್ನಷ್ಟು ಕುಗ್ಗುತ್ತದೆ.

ದೂರದ ಗಾಯ ಮೂತ್ರಪಿಂಡವನ್ನು ಹೊಡೆಯುವ ಈ ಬಗೆ ವೈದ್ಯರಿಗೆ ಹೊಸದಲ್ಲ. ಎರಡನೆಯ ಮಹಾಯುದ್ಧದಲ್ಲಿ ಲಂಡನ್ನಿನ ಮೇಲೆ ಬಾಂಬುಗಳು ಬಿದ್ದಾಗ, ಕುಸಿದ ಮನೆಗಳಡಿಯಲ್ಲಿ ಕೈಕಾಲು ಸಿಕ್ಕಿಕೊಂಡವರನ್ನು ಜೀವಸಹಿತ ಹೊರತೆಗೆದರೂ ಕೆಲವು ದಿನಗಳ ಬಳಿಕ ಮೂತ್ರ ನಿಂತು ಕೆಲವರು ತೀರಿಕೊಂಡರು. 1941ರಲ್ಲಿ ಎರಿಕ್ ಬೈವಾಟರ್ಸ್ ಮತ್ತು ಡೆಸ್ಮಂಡ್ ಬೀಲ್ ಇದನ್ನು ವರ್ಣಿಸಿದರು. ಜಜ್ಜಿದ ಸ್ನಾಯುಗಳಿಂದ ಹೊರಬಿದ್ದ ವರ್ಣಪದಾರ್ಥ ಮೂತ್ರಪಿಂಡವನ್ನು ಕೆಡಿಸುತ್ತದೆಂಬುದು ಅನಂತರ ಸ್ಪಷ್ಟವಾಯಿತು. ಆ ವರ್ಣಪದಾರ್ಥ ಹೀಮೋಗ್ಲೋಬಿನ್ನಿನ ಹತ್ತಿರದ ಬಂಧು.

ಇವುಗಳ ಜೊತೆಗೆ ಇನ್ನೆರಡು ಕಾರಣಗಳನ್ನು ಸೇರಿಸಬೇಕು. ರಕ್ತವು ಪರಕೀಯ ವಸ್ತುಗಳ ಮೇಲೆ ಹರಿದುಬರುವಾಗ ಶರೀರದ ರಕ್ಷಣಾವ್ಯವಸ್ಥೆ ಕೆರಳಿ ಎಲ್ಲ ಅಂಗಗಳಲ್ಲೂ ಉರಿಯೂತದ ಛಾಯೆ ಮೂಡುತ್ತದೆ. ಕವಾಟದಿಂದಲೋ ಮಹಾಧಮನಿಯ ಗೋಡೆಯಿಂದಲೋ ಕಿತ್ತುಬಂದ ಸುಣ್ಣದ ಚೂರು, ಕೊಬ್ಬಿನ ಕಣಗಳು ತೇಲಿಬಂದು ಮೂತ್ರಪಿಂಡದ ಕಿರುಧಮನಿಗಳಲ್ಲಿ ಸಿಕ್ಕಿಕೊಳ್ಳುತ್ತವೆ.

ಯಾರಿಗೆ ಅಪಾಯ ಹೆಚ್ಚು?

ಒಂದೇ ಯಂತ್ರ, ಒಂದೇ ಶಸ್ತ್ರವೈದ್ಯ, ಒಂದೇ ಬಗೆಯ ಕವಾಟ. ಆದರೂ ಒಬ್ಬ ರೋಗಿ ಐದನೆಯ ದಿನ ನಡೆದಾಡುತ್ತಾನೆ, ಮತ್ತೊಬ್ಬ ಡಯಾಲಿಸಿಸ್ ಯಂತ್ರದ ಪಕ್ಕದಲ್ಲಿ ಮಲಗಿರುತ್ತಾನೆ. ಈ ಭೇದಕ್ಕೆ ಮುಖ್ಯ ಕಾರಣ ರೋಗಿ ತನ್ನೊಡನೆ ಏನನ್ನು ಹೊತ್ತು ತಂದಿದ್ದಾನೆ ಎಂಬುದು.

ಅಮೆರಿಕದ ಕ್ಲೀವ್‌ಲೆಂಡ್ ಕ್ಲಿನಿಕ್ಕಿನಲ್ಲಿ 33,217 ಮಂದಿ ಹೃದಯರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2005ರಲ್ಲಿ ಒಂದು ಅಂಕಪಟ್ಟಿಯನ್ನು ಪ್ರಕಟಿಸಿದರು. ಹೃದಯದ ನಿಶ್ಶಕ್ತಿ, ಇನ್ಸುಲಿನ್ ಬೇಕಾಗುವ ಮಧುಮೇಹ, ಶ್ವಾಸಕೋಶದ ದೀರ್ಘರೋಗ, ಹಿಂದೊಮ್ಮೆ ನಡೆದ ಹೃದಯಶಸ್ತ್ರಚಿಕಿತ್ಸೆ, ತುರ್ತಿನಲ್ಲಿ ಮಾಡುವ ಶಸ್ತ್ರಚಿಕಿತ್ಸೆ ಮೊದಲಾದವಕ್ಕೆಲ್ಲ ಅಂಕಗಳುಂಟು. ಕವಾಟವೊಂದರದೇ ಕೆಲಸವಾದರೆ ಒಂದು ಅಂಕ. ಕವಾಟದೊಡನೆ ಹೃದಯದ ಧಮನಿಗಳ ಜೋಡಣೆಯೂ ಸೇರಿದರೆ ಎರಡು. ಎಲ್ಲಕ್ಕಿಂತ ಹೆಚ್ಚಿನ ಐದು ಅಂಕಗಳು ಬೀಳುವುದು, ಶಸ್ತ್ರಚಿಕಿತ್ಸೆಗೆ ಮೊದಲೇ ಮೂತ್ರಪಿಂಡ ಬಹಳವಾಗಿ ಕೆಟ್ಟಿದ್ದರೆ. ಎರಡು ಅಂಕಗಳೊಳಗೆ ಇದ್ದವರಲ್ಲಿ ಡಯಾಲಿಸಿಸ್ ಬೇಕಾದವರು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಒಂಬತ್ತು ಅಂಕಗಳನ್ನು ಮುಟ್ಟಿದವರಲ್ಲಿ ಸುಮಾರು ಐವರಲ್ಲಿ ಒಬ್ಬರು. ಇವಲ್ಲದೆ ವಯಸ್ಸು, ರಕ್ತಹೀನತೆ, ಕವಾಟಕ್ಕೆ ಸೋಂಕು ತಗಲಿರುವುದು ಇವೂ ಅಪಾಯವನ್ನು ಹೆಚ್ಚಿಸುತ್ತವೆ.

ಕವಾಟದ ರೋಗಿಗೇ ವಿಶೇಷವಾದ ಒಂದು ಕಾರಣವನ್ನು ಇಲ್ಲಿ ಗಮನಿಸಬೇಕು. ಕವಾಟ ಬಹುಕಾಲ ಕೆಟ್ಟಿದ್ದರೆ ಹೃದಯದ ಹಿಂದುಗಡೆ ರಕ್ತ ಮಡುಗಟ್ಟಿ ಅಭಿಧಮನಿಗಳ ಒತ್ತಡ ಏರುತ್ತದೆ. ಬಲಭಾಗದ ತ್ರಿದಳ ಕವಾಟ ಸೋರುತ್ತಿದ್ದರಂತೂ ಇನ್ನೂ ಹೆಚ್ಚು. ಮೂತ್ರಪಿಂಡದಲ್ಲಿ ರಕ್ತ ಹರಿಯುವುದು ಒಳಬರುವ ಒತ್ತಡಕ್ಕೂ ಹೊರಹೋಗುವ ಒತ್ತಡಕ್ಕೂ ಇರುವ ವ್ಯತ್ಯಾಸದಿಂದ. ಮುಂದೆ ಒತ್ತಡ ತಗ್ಗಿ, ಹಿಂದೆ ಒತ್ತಡ ಏರಿದರೆ ಎರಡು ಕಡೆಯಿಂದಲೂ ಹಿಂಡಿದಂತಾಗುತ್ತದೆ. ಹೀಗೆ ಈ ರೋಗಿಯ ಮೂತ್ರಪಿಂಡ ಶಸ್ತ್ರಚಿಕಿತ್ಸೆಯ ಮೇಜಿಗೆ ಬರುವ ಮೊದಲೇ ಬಳಲಿರುತ್ತದೆ.

ಎದೆ ತೆರೆಯದ ಚಿಕಿತ್ಸೆಯಲ್ಲಿ

ಯಂತ್ರವೇ ಬೇಡವಾದರೆ ಅಪಾಯವೂ ಇಲ್ಲವಾಗುವುದಲ್ಲವೆ? ಭಾಗಶಃ ನಿಜ. ಜಪಾನಿನ ಕಾಂಜಿ ಇನೋವೆ 1982ರಲ್ಲಿ ತೊಡೆಯ ಅಭಿಧಮನಿಯ ಮೂಲಕ ಬೆಲೂನನ್ನು ಸಾಗಿಸಿ, ಇಕ್ಕಟ್ಟಾದ ದ್ವಿದಳ ಕವಾಟದಲ್ಲಿ ಅದನ್ನು ಊದಿಸಿ ದಾರಿ ಬಿಡಿಸಿದರು. ರುಮ್ಯಾಟಿಕ್ ರೋಗಿಗಳಿಗೆ ವರದಂತಿರುವ ಈ ಚಿಕಿತ್ಸೆ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಬಹುದೊಡ್ಡ ಸಂಖ್ಯೆಯಲ್ಲಿ ನಡೆದಿದೆ. 2002ರಲ್ಲಿ ಫ್ರಾನ್ಸಿನ ರುವಾನ್ ನಗರದಲ್ಲಿ ಆಲೇನ್ ಕ್ರಿಬಿಯೇ ಮಹಾಧಮನಿಯ ಹೊಸ ಕವಾಟವನ್ನೇ ಮಡಚಿ ರಕ್ತನಾಳದ ಮೂಲಕ ಒಯ್ದು ಬಿಡಿಸಿ ನಿಲ್ಲಿಸಿದರು. ಎದೆ ತೆರೆದರೆ ತಾಳಲಾರದ ವೃದ್ಧರಿಗೆ ಇದರಿಂದ ಆಸೆ ಮೂಡಿತು.

ಆದರೆ ಇಲ್ಲಿ ಅಪಾಯದ ಬಾಗಿಲು ಬೇರೆ. ನಾಳಗಳನ್ನು ಕ್ಷ-ಕಿರಣದಲ್ಲಿ ಕಾಣಲು ಅಯೋಡಿನ್ ಇರುವ ದ್ರವವನ್ನು ರಕ್ತಕ್ಕೆ ಚುಚ್ಚಬೇಕು. ಮೊದಲೇ ಕುಂದಿದ ಮೂತ್ರಪಿಂಡಕ್ಕೆ ಅದು ಹೊರೆ. ಕವಾಟವನ್ನು ಸರಿಯಾದ ಜಾಗದಲ್ಲಿ ನಿಲ್ಲಿಸುವಾಗ ಹೃದಯವನ್ನು ಕ್ಷಣಕಾಲ ಅತಿವೇಗವಾಗಿ ಬಡಿಯುವಂತೆ ಮಾಡುವುದರಿಂದ ರಕ್ತದ ಒತ್ತಡ ಕುಸಿಯುತ್ತದೆ. ಸುಣ್ಣಗಟ್ಟಿದ ಮಹಾಧಮನಿಯನ್ನು ಉಜ್ಜಿಕೊಂಡು ಹೋಗುವ ಕೊಳವೆ ಚೂರುಗಳನ್ನು ಕಿತ್ತುಹಾಕಬಹುದು. ತೊಡೆಯ ಧಮನಿಯಲ್ಲಿ ರಕ್ತಸ್ರಾವವಾಗಬಹುದು. ಹೀಗಿದ್ದರೂ ಸಂತೋಷದ ಸಂಗತಿಯೊಂದುಂಟು: ಇಕ್ಕಟ್ಟಾದ ಬಾಗಿಲು ತೆರೆದೊಡನೆ ರಕ್ತ ಧಾರಾಳವಾಗಿ ಹರಿದು, ಅನೇಕರಲ್ಲಿ ಮೂತ್ರಪಿಂಡದ ಕೆಲಸ ಮೊದಲಿಗಿಂತ ಉತ್ತಮವಾಗುತ್ತದೆ.

ತಡವಾಗಿ ಬರುವ ದೂತ

ಹಾನಿಯನ್ನು ತಿಳಿಯುವುದು ಹೇಗೆ? ಸ್ನಾಯುಗಳಲ್ಲಿ ಹುಟ್ಟಿ ಮೂತ್ರಪಿಂಡದ ಮೂಲಕ ಹೊರಬೀಳುವ ಕ್ರಿಯಾಟಿನಿನ್ ಎಂಬ ಪದಾರ್ಥವನ್ನು ರಕ್ತದಲ್ಲಿ ಅಳೆಯುವುದು ರೂಢಿ. ಪಿಕ್ರಿಕ್ ಆಮ್ಲದೊಡನೆ ಅದು ಕೆಂಗಿತ್ತಿಳೆ ಬಣ್ಣ ತಳೆಯುವುದನ್ನು 1886ರಲ್ಲಿಯೇ ಜರ್ಮನಿಯ ಮ್ಯಾಕ್ಸ್ ಜಾಫೆ ತೋರಿಸಿದ್ದರು. 2012ರ ಅಂತರರಾಷ್ಟ್ರೀಯ ನಿಯಮದಂತೆ ಎರಡು ದಿನಗಳೊಳಗೆ ಕ್ರಿಯಾಟಿನಿನ್ 100 ಮಿಲಿಲೀಟರಿಗೆ 0.3 ಮಿಲಿಗ್ರಾಂ ಏರಿದರೆ, ಅಥವಾ ಏಳು ದಿನಗಳೊಳಗೆ ಮೊದಲಿನ ಒಂದೂವರೆಪಟ್ಟಾದರೆ, ಅಥವಾ ಆರು ಗಂಟೆಗಳ ಕಾಲ ಮೂತ್ರ ದೇಹತೂಕದ ಕಿಲೋಗ್ರಾಮಿಗೆ ಗಂಟೆಗೆ ಅರ್ಧ ಮಿಲಿಲೀಟರಿಗಿಂತ ಕಡಿಮೆಯಾದರೆ ತೀವ್ರಹಾನಿಯೆಂದು ಎಣಿಸುತ್ತಾರೆ.

ಆದರೆ ಈ ದೂತ ತಡವಾಗಿ ಬರುತ್ತಾನೆ. ಪೆಟ್ಟು ಬಿದ್ದ ಒಂದೆರಡು ದಿನಗಳ ಮೇಲೆಯೇ ಕ್ರಿಯಾಟಿನಿನ್ ಏರುವುದು. ಅದಲ್ಲದೆ ಶೋಧಿಸುವ ಶಕ್ತಿ ಸುಮಾರು ಅರ್ಧದಷ್ಟು ಹೋಗುವವರೆಗೂ ಅಂಕಿ ಮಾಮೂಲಿನಂತೆಯೇ ತೋರಬಹುದು. ಸ್ನಾಯು ಕರಗಿ ಬಡವಾದ ಮುದುಕಿಯ ಕ್ರಿಯಾಟಿನಿನ್ ಸರಿಯಾಗಿದೆಯೆಂದ ಮಾತ್ರಕ್ಕೆ ಆಕೆಯ ಮೂತ್ರಪಿಂಡ ಸರಿಯಾಗಿದೆ ಎನ್ನುವಂತಿಲ್ಲ. 2005ರಲ್ಲಿ ಹೃದಯದ ಶಸ್ತ್ರಚಿಕಿತ್ಸೆಗೆ ಒಳಗಾದ 71 ಮಕ್ಕಳ ಮೂತ್ರವನ್ನು ಪರೀಕ್ಷಿಸಿದಾಗ, ಎನ್‌ಗ್ಯಾಲ್ ಎಂಬ ಪ್ರೋಟೀನು ಎರಡೇ ಗಂಟೆಗಳಲ್ಲಿ ಏರಿ ಹಾನಿಯ ಮುನ್ಸೂಚನೆ ಕೊಟ್ಟಿತು. ಇಂಥ ಶೀಘ್ರದೂತರ ಹುಡುಕಾಟ ನಡೆದೇ ಇದೆ.

ತಡೆಯುವ ಬಗೆ

ಒಂದು ಮಾತ್ರೆಯಿಂದ ಇದನ್ನು ತಡೆಯಬಹುದೆಂಬ ಆಸೆ ಹಲವು ಸಲ ಸುಳ್ಳಾಯಿತು. ಮೂತ್ರಪಿಂಡಕ್ಕೆ ರಕ್ತ ಹೆಚ್ಚಿಸುವುದೆಂದು ದಶಕಗಳ ಕಾಲ ಸಣ್ಣ ಪ್ರಮಾಣದಲ್ಲಿ ಡೋಪಮೀನ್ ಕೊಡುತ್ತಿದ್ದರು. 2000ದಲ್ಲಿ ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡುಗಳ ತುರ್ತುನಿಗಾ ಘಟಕಗಳಲ್ಲಿ 328 ರೋಗಿಗಳ ಮೇಲೆ ನಡೆದ ಪರೀಕ್ಷೆ ಅದರಿಂದ ಪ್ರಯೋಜನವಿಲ್ಲವೆಂದು ತೋರಿಸಿತು. ಫಲ ಕೊಟ್ಟದ್ದು ಎಚ್ಚರಿಕೆಯ ಶುಶ್ರೂಷೆ. ಜರ್ಮನಿಯಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಮೂತ್ರಪರೀಕ್ಷೆಯಿಂದ ಅಪಾಯವುಳ್ಳವರೆಂದು ಗುರುತಿಸಿದ 276 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನಲ್ಲಿ ರಕ್ತದ ಒತ್ತಡ, ದ್ರವದ ಪ್ರಮಾಣ, ಸಕ್ಕರೆ ಇವನ್ನು ಹಿಡಿತದಲ್ಲಿಟ್ಟು, ಮೂತ್ರಪಿಂಡಕ್ಕೆ ಒಗ್ಗದ ಔಷಧಗಳನ್ನು ನಿಲ್ಲಿಸಿದರು. ಹಾನಿಯ ಪ್ರಮಾಣ ನೂರಕ್ಕೆ 71.7ರಿಂದ 55.1ಕ್ಕೆ ಇಳಿಯಿತು.

ಹೊಸ ಉಪಾಯಗಳೂ ಇಲ್ಲದಿಲ್ಲ. ಚೀನದಲ್ಲಿ ಒಂದಕ್ಕಿಂತ ಹೆಚ್ಚು ಕವಾಟಗಳನ್ನು ಬದಲಿಸಿಕೊಂಡ, ಬಹುಪಾಲು ರುಮ್ಯಾಟಿಕ್ ಜ್ವರದಿಂದಲೇ ನೊಂದಿದ್ದ 244 ರೋಗಿಗಳಲ್ಲಿ ನೈಟ್ರಿಕ್ ಆಕ್ಸೈಡ್ ಅನಿಲದ ಪರೀಕ್ಷೆ ನಡೆಯಿತು; 2018ರ ವರದಿಯಂತೆ ಹಾನಿ ನೂರಕ್ಕೆ 64ರಿಂದ 50ಕ್ಕೆ ತಗ್ಗಿತು. ಚೆಲ್ಲಿದ ಹೀಮೋಗ್ಲೋಬಿನ್ ಕಬಳಿಸಿದುದನ್ನು ಮರಳಿ ತುಂಬಿಕೊಡುವುದೇ ಇದರ ಮರ್ಮ. ಪ್ರೋಟೀನಿನ ಊಟವಾದ ಮೇಲೆ ಮೂತ್ರಪಿಂಡಕ್ಕೆ ರಕ್ತದ ಹರಿವು ಏರುತ್ತದೆಂಬುದು ಹಳೆಯ ಅನುಭವ. ಇದನ್ನೇ ಆಧಾರವಾಗಿಟ್ಟು 3,511 ರೋಗಿಗಳಲ್ಲಿ ಕೆಲವರಿಗೆ ಅಮೈನೋ ಆಮ್ಲಗಳನ್ನು ರಕ್ತನಾಳಕ್ಕೆ ಹರಿಸಿದಾಗ ಹಾನಿ 31.7ರಿಂದ 26.9ಕ್ಕೆ ಇಳಿದುದನ್ನು 2024ರಲ್ಲಿ ಪ್ರಕಟಿಸಿದರು. ನೂರರಲ್ಲಿ ಐವರಷ್ಟೇ ಎನ್ನಬಹುದು. ಆ ಐವರಿಗೆ ಮಾತ್ರ ಅದು ಅಲ್ಪವಲ್ಲ.

ಒಂದು ಸಮಾಧಾನವನ್ನೂ ಹೇಳಬೇಕು. ಸೂಕ್ಷ್ಮನಾಳಗಳ ಜೀವಕೋಶಗಳು ಸತ್ತರೂ ಉಳಿದವು ವಿಭಜನೆಗೊಂಡು ಗೋಡೆಯನ್ನು ಮತ್ತೆ ಕಟ್ಟಬಲ್ಲವು. ಆದರೆ ಗಾಯ ಆಳವಾಗಿದ್ದರೆ ಗುರುತು ಉಳಿಯುತ್ತದೆ. ವರ್ಷಗಳ ಮೇಲೆ ಮೂತ್ರಪಿಂಡ ಕ್ರಮೇಣ ಸೋಲುವ ಸಂಭವ ಹೆಚ್ಚುತ್ತದೆ. ಆದಕಾರಣ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೂ ರಕ್ತಪರೀಕ್ಷೆಯನ್ನು ಬಿಡಬಾರದು.

ಇಷ್ಟನ್ನು ತಿಳಿದ ವಿದ್ಯಾರ್ಥಿಗಳಿಗೆ ತಮ್ಮ ಮನೆಯಲ್ಲಿಯೇ ಮಾಡಬಹುದಾದ ಕೆಲಸವಿದೆ. ಮನೆಯ ಹಿರಿಯರು ಹೃದಯದ ಚಿಕಿತ್ಸೆಗೆ ಹೊರಟಾಗ, ಅವರು ಮೊಣಕಾಲು ನೋವಿಗೆಂದು ಅಂಗಡಿಯಿಂದ ತಂದು ನುಂಗುವ ಮಾತ್ರೆಗಳನ್ನೂ ಬಿಡದೆ ಪಟ್ಟಿಮಾಡಿ ವೈದ್ಯರ ಮುಂದಿಡಬೇಕು. ನೋವಿನ ಮಾತ್ರೆಗಳಲ್ಲಿ ಹಲವು ಮೂತ್ರಪಿಂಡದ ರಕ್ತದ ಹರಿವನ್ನು ಕುಗ್ಗಿಸುತ್ತವೆ. ಮಧುಮೇಹ, ರಕ್ತದೊತ್ತಡಗಳಿದ್ದರೆ ಮೊದಲೇ ಹತೋಟಿಗೆ ತರಬೇಕು. ಮನೆಯ ಮಕ್ಕಳಿಗೆ ಜ್ವರದೊಡನೆ ಗಂಟಲು ನೋವು ಬಂದರೆ ತಾತ್ಸಾರ ಮಾಡಬಾರದು. ಸ್ಟ್ರೆಪ್ಟೋಕಾಕಸ್ ಎಂಬ ಆ ರೋಗಾಣುವಿಗೆ ಪೆನಿಸಿಲಿನ್ ಇಂದಿಗೂ ತಕ್ಕ ಮದ್ದು. ಒಮ್ಮೆ ರುಮ್ಯಾಟಿಕ್ ಜ್ವರ ಬಂದವರಿಗೂ ಮೂರು ನಾಲ್ಕು ವಾರಗಳಿಗೊಮ್ಮೆ ವರ್ಷಗಳ ಕಾಲ ಕೊಡುವ ಪೆನಿಸಿಲಿನ್ ಚುಚ್ಚುಮದ್ದು ಕವಾಟವನ್ನು ಕಾಯುತ್ತದೆ. ಕವಾಟ ಕೆಡದಿದ್ದರೆ ಅದನ್ನು ಬದಲಿಸುವ ಪ್ರಮೇಯವಿಲ್ಲ. ಎದೆಯ ಚಿಕಿತ್ಸೆಗೆ ಮೂತ್ರಪಿಂಡ ದಂಡ ತೆರಬೇಕಾದ ಪ್ರಸಂಗವೂ ಇಲ್ಲ.